ಮೂರನೇ ಸಾಲಿನ ಮೀನುಗಳು

ನಮ್ಮೂರಿನಲ್ಲಿ ಯಾರೂ ಹೇಳದೆ ಏಳುವುದಿಲ್ಲ. ಊಟದ ನಡುವೆ ಎದ್ದರೆ "ನೀರಿಗೆ ಎದ್ದೆ" ಅನ್ನಬೇಕು. ಜಗುಲಿಯ ಹರಟೆಯಿಂದ ಎದ್ದರೆ "ಬಚ್ಚಲಿಗೆ" ಅಂತಲೋ "ಹಾಲು ಉಕ್ಕೀತು" ಅಂತಲೋ ಹೇಳಿಯೇ ಕಾಲೆತ್ತಬೇಕು. ಶಾಲೆಯಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ಕಲಿಸುವುದು ಇದನ್ನೇ. ಹೊರಗಿನಿಂದ ಬಂದ ನೆಂಟರು ಮುಸಿಮುಸಿ ನಗುತ್ತಾರೆ. ನಗಲಿ. ಅವರ ಕೈಯನ್ನು ಬಳೆ ಅಂಗಡಿಯ ಶೇಷಮ್ಮ ಹಿಡಿದಿರಲಿಲ್ಲ.

ನನಗೆ ಆಗ ಹತ್ತು ವರ್ಷ. ಹಬ್ಬಕ್ಕೆ ಬಳೆ ತೊಡಿಸಿಕೊಳ್ಳಲು ಅಮ್ಮನ ಜೊತೆ ಹೋಗಿದ್ದೆ. "ಕೈ ಸಡಿಲ ಬಿಡು ಮಗಳೇ, ಬಳೆ ಕಚ್ಚಲ್ಲ" ಅನ್ನುತ್ತಾ ಶೇಷಮ್ಮ ಮೂರು ಹಸಿರು ಬಳೆ ಏರಿಸಿದಳು. ನಾಲ್ಕನೆಯದು ಗೆಣ್ಣಿನ ಮೇಲಿತ್ತು. ಅವಳ ಬೆರಳುಗಳು ಒಮ್ಮೆಲೇ ಸಡಿಲವಾದವು. ಏನೂ ಹೇಳದೆ ಎದ್ದಳು. ಹರಡಿದ್ದ ಬಳೆಗಳ ಮೇಲೇ ಬರಿಗಾಲಿನಲ್ಲಿ ನಡೆದಳು, ಬಳೆ ಚಟಚಟ ಒಡೆದರೂ ಹಾ ಅನ್ನಲಿಲ್ಲ. ಚಪ್ಪಲಿ ಬೆಂಚಿನ ಕೆಳಗೇ ಉಳಿಯಿತು. ಅವಸರವಿಲ್ಲದೆ, ತಿರುಗಿ ನೋಡದೆ, ಕೆಳದಾರಿ ಹಿಡಿದು ಇಟ್ಟಿಗೆ ಗೂಡುಗಳನ್ನು ದಾಟಿ ಹೋದಳು. ಗಂಡ ಓಡಿಹೋಗಿ ಕೈ ಹಿಡಿದರೆ ಸೋಪು ಹಚ್ಚಿದ ಕೈಯ ಹಾಗೆ ಜಾರಿತಂತೆ. ಹಾಗೆ ಹೋದವರನ್ನು ಕಂಬಕ್ಕೆ ಕಟ್ಟಿ ನೋಡಿದವರೂ ಇದ್ದಾರೆ. ಕಟ್ಟಿದ ಜಾಗದಲ್ಲೇ ಅವರ ಕಾಲು ನಡೆಯುತ್ತಲೇ ಇರುತ್ತದೆ, ಅಂಗಾಲಿನ ಚರ್ಮ ಸುಲಿದರೂ ನಿಲ್ಲುವುದಿಲ್ಲ. ನೋಡಲಾರದೆ ಮನೆಯವರೇ ಹಗ್ಗ ಬಿಚ್ಚುತ್ತಾರೆ. ಹೋದವರು ಯಾರೂ ಇದುವರೆಗೆ ಹಿಂದಿರುಗಿಲ್ಲ. "ಶೇಷಮ್ಮನ ಚಿತ್ರ ಬಿಳಿ ಬಿದ್ದಿದೆ" ಅಂತ ಅಮ್ಮ ಪಿಸುಗುಟ್ಟಿದಳು. ಗೆಣ್ಣಿನ ಮೇಲಿದ್ದ ಬಳೆಯನ್ನು ಮೇಲಕ್ಕೂ ಏರಿಸದೆ ಕೆಳಕ್ಕೂ ಇಳಿಸದೆ ನಾನು ಮನೆಗೆ ಬಂದೆ.

ಚಿತ್ರವೆಂದರೆ ಏನೆಂದು ಹೇಳಬೇಕು. ಮಗುವಿಗೆ ವರ್ಷ ತುಂಬಿದ ದಿನ ಅದರ ಅಂಗೈಯನ್ನು ಗಾಜಿನ ಮೇಲೆ ಇಡಿಸುತ್ತಾರೆ, ಚಿತ್ರ ತಾನಾಗಿ ಮೂಡುತ್ತದೆ. ಒಬ್ಬರಿಗೆ ಬಿದಿರ ಮೆಳೆ, ಇನ್ನೊಬ್ಬರಿಗೆ ಓಡುವ ಕುದುರೆ, ಮತ್ತೊಬ್ಬರಿಗೆ ಹೆಸರಿಡಲಾಗದ ಬಣ್ಣದ ಸುಳಿ. ಅದು ಚಿತ್ರಸಾಲೆಯ ಪರದೆಯ ಮೇಲೆ ಅವರು ಇರುವಷ್ಟು ದಿನವೂ ಅಲ್ಲಾಡುತ್ತಾ ಇರುತ್ತದೆ. ಬಾಗಿಲ ಮೇಲಿನ ಫಲಕದಲ್ಲಿ ಬ್ಲಾಕ್‌ಚೈನ್ ಎಂದು ಬರೆದಿದೆ, ನಾವು ಸರಪಳಿ ಅನ್ನುತ್ತೇವೆ.

ಚಿತ್ರದ ಬಣ್ಣ ದಿನವೂ ಒಂದಿಷ್ಟು ಇಳಿಯುತ್ತದೆ. ಬೇರೆಯವರು ಕೊಟ್ಟರೆ ಮಾತ್ರ ಏರುತ್ತದೆ. ಪೂರ್ತಿ ಇಳಿದು ಬಿಳಿ ಬಿದ್ದರೆ ಶೇಷಮ್ಮನ ಹಾಗೆ ಎದ್ದು ಹೋಗುವುದೇ. ಫೋನಿನಲ್ಲಿ ಬೇಕಾದವರ ಹೆಸರು ತೆಗೆದು ಒಂದು ಉಸಿರಿನಷ್ಟು ಹೊತ್ತು ಹೆಬ್ಬೆರಳು ಒತ್ತಿದರೆ ನಿಮ್ಮ ಚಿತ್ರದಿಂದ ಒಂದು ಒತ್ತು ಬಣ್ಣ ಅವರ ಚಿತ್ರಕ್ಕೆ ಹೋಗುತ್ತದೆ. ತನಗೆ ತಾನೇ ಕೊಟ್ಟುಕೊಳ್ಳುವಂತಿಲ್ಲ. ಒಂದೇ ಒಲೆಯ ಅನ್ನ ಉಣ್ಣುವವರು ಒಬ್ಬರಿಗೊಬ್ಬರು ಕೊಡಲು ಹೋದರೆ ಗಾಜು ಹೆಬ್ಬೆರಳನ್ನು ಒಪ್ಪುವುದೇ ಇಲ್ಲ. ಯಾರು ಯಾರಿಗೆ ಎಷ್ಟು ಕೊಟ್ಟರೆಂಬುದು ಸರಪಳಿಗೆ ಕೊಂಡಿಯಾಗಿ ಸೇರುತ್ತದೆ, ಸೇರಿದ ಕೊಂಡಿಯನ್ನು ಯಾರಿಂದಲೂ ಬಿಚ್ಚಲಾಗುವುದಿಲ್ಲ. ಯಾರು ಬೇಕಾದರೂ ಆ ಕೊಂಡಿಗಳನ್ನು ನೋಡಬಹುದು, ಆದರೆ ಯಾರೂ ನೋಡುವುದಿಲ್ಲ. ಪಕ್ಕದ ಮನೆಯ ಪಾತ್ರೆಯ ಮುಚ್ಚಳ ತೆಗೆದು ಇಣುಕುವುದಕ್ಕಿಂತ ಕೀಳು ಕೆಲಸ ಅದು, ನಮ್ಮ ಜನರ ಪಾಲಿಗೆ.

ಇನ್ನೊಂದು ಮಾತಿದೆ. ಬಣ್ಣದ ಜೊತೆ ಕೊಟ್ಟವರ ಮನಸ್ಸೂ ಒಂದಿಷ್ಟು ಬರುತ್ತದೆ. ಅಂಚೆ ಕಚೇರಿಯ ಸುಲೋಚನ ಗಂಡ ಸತ್ತ ವಾರದಲ್ಲೇ ಕ್ಷೌರದಂಗಡಿಯ ನರಸಿಂಹನಿಗೆ ಎರಡು ಒತ್ತು ಕೊಟ್ಟಳು. ಪಾಪ, ಅವನು ಸಂಜೆಯವರೆಗೂ ಗಿರಾಕಿಗಳ ತಲೆಯ ಮೇಲೆ ಕಣ್ಣೀರು ಹನಿಸುತ್ತಾ ಕತ್ತರಿ ಆಡಿಸಿದ. ಅದಕ್ಕೇ ನಮ್ಮ ಜನ ಕೊಡುವ ಮೊದಲು ಮುಖ ತೊಳೆದು, ಒಂದು ಲೋಟ ನೀರು ಕುಡಿದು, ಸ್ವಲ್ಪ ಹೊತ್ತು ಸುಮ್ಮನೆ ಕೂತು ಆಮೇಲೆ ಫೋನ್ ಹಿಡಿಯುತ್ತಾರೆ. ಜಗಳವಾಡಿದ ದಿನ ಯಾರೂ ಕೊಡುವುದಿಲ್ಲ.

ಈ ಚಿತ್ರಸಾಲೆಯನ್ನು ಒಂಬತ್ತು ವರ್ಷದಿಂದ ಕಾಯುತ್ತಿರುವವಳು ನಾನು, ವಾರಿಜ. ಆರು ನೂರ ಚಿಲ್ಲರೆ ಪರದೆಗಳನ್ನು ಒರೆಸುವುದು, ಕರೆಂಟು ಹೋದರೆ ಬ್ಯಾಟರಿಗೆ ಹಾಕುವುದು, ಬಾಗಿಲಿಗೆ ಬೀಗ ಹಾಕುವುದು. ಒಳಗೆ ಬರಲು ನನ್ನೊಬ್ಬಳಿಗೇ ಅನುಮತಿ. ಹಿಂದೆ ಎಲ್ಲರೂ ಬರುತ್ತಿದ್ದರಂತೆ, ಅವರ ಚಿತ್ರ ಹಾಗೆ ನಮ್ಮದು ಹೀಗೆ ಎಂದು ಹೊಡೆದಾಟವಾಗಿ ಬಾಗಿಲು ಮುಚ್ಚಿದರಂತೆ. ಕಾಯುವವರು ಎರಡು ಮಾತು ಕೊಡಬೇಕು: ಯಾರಿಗೂ ಬಣ್ಣ ಕೊಡುವುದಿಲ್ಲ, ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ.

ಯಾರಿಗೂ ಕೊಡದವಳಿಗೆ ಯಾರು ಕೊಟ್ಟಾರು, ನನ್ನ ಚಿತ್ರ ಬಡವಾಗಿರಬೇಕಿತ್ತು. ನೋಡಿದರೆ ಊರಿನಲ್ಲೇ ಅಷ್ಟು ತುಂಬಿದ ಚಿತ್ರ ಇನ್ನೊಂದಿಲ್ಲ. ನನ್ನದು ಕೆಂಪು ದಾಸವಾಳದ ಬೇಲಿ. ಹೂವು ಹೂವಿನ ಮೇಲೆ ಬಿದ್ದು ಕೆಂಪು ಕಪ್ಪಾಗುವಷ್ಟು ದಟ್ಟವಾಗಿದೆ. ಎಲ್ಲವನ್ನೂ ಬಲ್ಲವಳು ನಾನೊಬ್ಬಳೇ ಅಲ್ಲವೇ, ಅದಕ್ಕೆ ಜನ ನನ್ನನ್ನು ಕಂಡರೆ ಹೆದರುತ್ತಾರೆ. ನಾನು ಅಂಗಡಿಗೆ ಹೋದರೆ ಮಾತು ನಿಲ್ಲುತ್ತದೆ. ನನಗಿಂತ ಇಪ್ಪತ್ತು ವರ್ಷ ದೊಡ್ಡವರು "ಬನ್ನಿ ವಾರಿಜಮ್ಮ" ಎಂದು ಎದ್ದು ಜಾಗ ಬಿಡುತ್ತಾರೆ. ಮನೆಗೆ ಹೋಗಿ ನನ್ನ ಹೆಸರಿಗೆ ಎರಡು ಒತ್ತು ಹಾಕುತ್ತಾರೆ. ನನಗೇನೂ ಬೇಸರವಿರಲಿಲ್ಲ, ಬಣ್ಣ ಬಣ್ಣವೇ ಅಂದುಕೊಂಡಿದ್ದೆ. ಆದರೆ ನಾನೂ ವರ್ಷದಿಂದ ವರ್ಷಕ್ಕೆ ಪುಕ್ಕಲಿಯಾಗುತ್ತಾ ಬಂದೆ. ಚಿಲಕವನ್ನು ನಾಲ್ಕು ಸಲ ನೋಡುತ್ತೇನೆ. ಪಾತ್ರೆ ಬಿದ್ದರೆ ಮೈ ನಡುಗುತ್ತದೆ. ಕೆಲಸಕ್ಕೆ ಸೇರಿದ ಎರಡನೇ ತಿಂಗಳು ಕನ್ನಡಿಯಲ್ಲಿ ನನ್ನ ಮುಖವನ್ನೇ ಕಂಡು ಬೆಚ್ಚಿಬಿದ್ದೆ, ಮಾರನೆಯ ದಿನ ಕನ್ನಡಿಯನ್ನು ಅಟ್ಟಕ್ಕೆ ಹಾಕಿದೆ. ನರದ ದೌರ್ಬಲ್ಯ ಎಂದು ಮದ್ದು ನುಂಗಿದ್ದೂ ಆಯಿತು.

ನನಗೆ ಹೆದರದವಳು ಒಬ್ಬಳೇ, ನನ್ನ ತಂಗಿ ಕುಮುದ. ನಾವಿಬ್ಬರೇ ಒಂದೇ ಮನೆಯಲ್ಲಿ. "ತಲೆ ಮೇಲೆ ಹಲ್ಲಿ ಬಿದ್ದೋರ ಥರ ಮುಖ ಮಾಡ್ಕೊಂಡು ಕೂತಿದ್ದೀಯಲ್ಲೇ ಅಕ್ಕ, ಏಳು, ಈರುಳ್ಳಿ ಹೆಚ್ಚು" ಅನ್ನುವವಳು. ಅವಳದು ಮನೆಮನೆಗೆ ಹೋಗಿ ಕೊಡಿಸುವ ಕೆಲಸ. ಪಾತ್ರೆ ತಿಕ್ಕಿ, ಇಟ್ಟಿಗೆ ಹೊತ್ತು ಹೆಬ್ಬೆಟ್ಟಿನ ಗೆರೆ ಸವೆದವರು ಊರಿನಲ್ಲಿ ಬಹಳ. ಅವರ ಬೆರಳನ್ನು ಗಾಜು ಗುರುತಿಸುವುದಿಲ್ಲ. ಕುಮುದ ಬಿಸಿನೀರಿನ ಫ್ಲಾಸ್ಕ್ ಹಿಡಿದು ಹೋಗುತ್ತಾಳೆ. ಬೆರಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ಸೆರಗಿನಲ್ಲಿ ಒರೆಸಿ, ಬಾಯಿಂದ ಬಿಸಿ ಉಸಿರು ಊದಿ, ಗಾಜಿನ ಮೇಲೆ ಸರಿಯಾದ ಕೋನದಲ್ಲಿ ಒತ್ತಿಸುತ್ತಾಳೆ. "ಯಾರಿಗೆ ಕೊಡ್ಬೇಕು ಹೇಳಜ್ಜಿ" ಅನ್ನುತ್ತಾಳೆ. ಅವಳು ಹೋದ ಮನೆಯಲ್ಲಿ ನಗು ಕೇಳಿಸುತ್ತದೆ. ಕುಮುದ ಎಂದರೆ ಊರಿಗೆ ಊರೇ ಕರಗುತ್ತದೆ.

ಅವಳ ಚಿತ್ರ ಮೂರನೇ ಸಾಲಿನಲ್ಲಿದೆ. ನೀಲಿ ನೀರು, ಅದರಲ್ಲಿ ಮೂರು ಸಣ್ಣ ಮೀನು. ಸ್ವಂತದವರ ಚಿತ್ರ ನೋಡುವ ಧೈರ್ಯ ನನಗಿರಲಿಲ್ಲ, ಆ ಪರದೆ ಬಂದಾಗ ಕಣ್ಣು ಮುಚ್ಚಿಕೊಂಡು ಒರೆಸುತ್ತಿದ್ದೆ. ಇದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಒಂದು ಸೋಮವಾರ ಬೆಳಿಗ್ಗೆ ಬಟ್ಟೆಗೆ ಜೇಡರ ಬಲೆ ಅಂಟಿತು, ಕಣ್ಣು ಬಿಟ್ಟೆ. ನೀರು ಪರದೆಯ ತಳಕ್ಕೆ ಇಳಿದಿತ್ತು. ನಾಲ್ಕು ಬೆರಳು ಇರಬಹುದು. ಉಳಿದದ್ದೆಲ್ಲ ಬಿಳಿ. ಮೂರು ಮೀನೂ ಒಂದರ ಮೇಲೊಂದು ಬಿದ್ದು ಒದ್ದಾಡುತ್ತಿದ್ದವು.

ಕೊಂಡಿಗಳನ್ನು ತೆಗೆದು ನೋಡಿದೆ. ಕುಮುದಳಿಗೆ ಕೊನೆಯ ಸಲ ಯಾರಾದರೂ ಕೊಟ್ಟು ನಲವತ್ತೊಂದು ದಿನವಾಗಿತ್ತು. ಕೊಟ್ಟವಳು ಊರಿಗೆ ಬಂದಿದ್ದ ಯಾರದೋ ಸೊಸೆ. ಅದರ ಹಿಂದೆಯೂ ಅಷ್ಟೇ, ಅಲ್ಲೊಂದು ಇಲ್ಲೊಂದು. ಆದರೆ ಕುಮುದ ಕೊಟ್ಟದ್ದು ದಿನಕ್ಕೆ ಮೂರು ನಾಲ್ಕು. ಕೂತು ಯೋಚಿಸಿದಾಗ ಅರ್ಥವಾಯಿತು. ಕುಮುದಳಿಗೆ ನೂರು ಜನ ಕೊಡುತ್ತಾರೆ, ನನ್ನದೊಂದು ಯಾಕೆ ಎಂದು ನೂರು ಜನವೂ ಅಂದುಕೊಂಡಿದ್ದರು. ಕೊಂಡಿ ನೋಡಿದ್ದರೆ ತಿಳಿಯುತ್ತಿತ್ತು, ಮರ್ಯಾದಸ್ಥರು ನೋಡಲಿಲ್ಲ. ಹೆಬ್ಬೆಟ್ಟು ಸವೆದವರಂತೂ ಅವಳ ಕೈಯಿಂದಲೇ ಅವಳಿಗೆ ಕೊಡುವುದೆಂದರೆ ಕೂಲಿ ಕೊಟ್ಟ ಹಾಗೆ ಎಂದು ನಾಚಿಕೊಂಡಿದ್ದರು. ನನಗೆ ಹೆದರುವವರು ಒಬ್ಬರೂ ತಪ್ಪಿಸಿರಲಿಲ್ಲ, ಅವಳನ್ನು ಪ್ರೀತಿಸುವವರು ಎಲ್ಲರೂ ತಪ್ಪಿಸಿದ್ದರು.

ಅವತ್ತು ಮಧ್ಯಾಹ್ನವೇ ಮರಿಸ್ವಾಮಿ ಅಜ್ಜನ ಮನೆಗೆ ಹೋದೆ. ನನಗಿಂತ ಮುಂಚೆ ಚಿತ್ರಸಾಲೆ ಕಾಯುತ್ತಿದ್ದವರು. ಹಿತ್ತಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಾನು ಹೆಸರು ಹೇಳಲಿಲ್ಲ. "ಒಬ್ಬರದು ನಾಲ್ಕು ಬೆರಳಿಗೆ ಬಂದಿದೆ ಅಜ್ಜ. ಒಬ್ಬರಿಗಾದ್ರೂ ಹೇಳಿದ್ರೆ ಏನಾಗುತ್ತೆ?" ಎಂದೆ.

ಅಜ್ಜನ ಕೈ ನಿಂತಿತು. "ನಾನೂ ಒಬ್ಬರಿಗೇ ಹೇಳಿದ್ದು ಕಣಮ್ಮ," ಅಂದರು. "ಎರಡು ವರ್ಷದ ಕೂಸು, ಬಿಳಿ ಬೀಳೋಕಾಗಿತ್ತು. ತಡೀಲಾರ್ದೆ ಅದರಜ್ಜಿಗೆ ಹೇಳ್ದೆ. ಅವಳು ಅತ್ತಳು, ಪಕ್ಕದವಳು ಕೇಳಿಸ್ಕಂಡಳು. ಗಂಟೆಯೊಳಗೆ ಊರೆಲ್ಲ ಫೋನ್ ಹಿಡ್ಕಂಡು ಕೊಟ್ಟಿದ್ದೇ ಕೊಟ್ಟಿದ್ದು. ತಮ್ಮ ಚಿತ್ರದಾಗೆ ಎಷ್ಟೈತೆ ಅಂತ ಯಾರಿಗೆ ಗೊತ್ತು? ಉಳ್ಳವರು ಕೈ ಬಿಗಿ ಹಿಡ್ದು ಕೊಟ್ರು. ಇಲ್ದವರು ಕೈ ಬಿಚ್ಚಿ ಕೊಟ್ರು."

"ಆಮೇಲೆ?"

"ಕೂಸು ಉಳೀತು. ಮಾರನೇ ದಿನ ಬೆಳಿಗ್ಗೆ ನಾಲ್ಕು ಜನ ಮುದುಕರು ಒಬ್ಬರ ಹಿಂದೊಬ್ಬರು ಕೆಳದಾರಿ ಹಿಡಿದು ಹೋದ್ರು. ಅದರಜ್ಜಿನೂ ಅದರಾಗಿದ್ಲು. ಹೇಳೋಕೆ ಹೋಗ್ಬ್ಯಾಡ ವಾರಿಜ. ಯಾರದ್ದಾದ್ರೂ ಸರಿ." ಅಜ್ಜ ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಯಾರದೆಂದು ಅವರಿಗೆ ಗೊತ್ತಾಯಿತು ಎಂದು ನನಗೆ ಗೊತ್ತಾಯಿತು. ಮತ್ತೆ ತಲೆ ತಗ್ಗಿಸಿ ಬೀಜ ಬಿಡಿಸತೊಡಗಿದರು.

ಕುಮುದಳಿಗಾಗಿ ಮೊದಲು ಎದ್ದು ನಿಲ್ಲುವವರು ಯಾರೆಂದು ಲೆಕ್ಕ ಹಾಕಿದೆ. ಒಂಟಿ ಮುದುಕಿ ಪುಟ್ಟನಂಜಮ್ಮ, ಇಟ್ಟಿಗೆ ಗೂಡಿನ ಸಣ್ಣಮ್ಮ, ಕುರುಡು ಹಾರ್ಮೋನಿಯಂ ಮೇಷ್ಟ್ರು. ಮೂವರ ಚಿತ್ರವೂ ಎರಡೆರಡು ಬೆರಳಿನಷ್ಟೇ. ಕುಮುದಳ ಹೆಸರು ಕಿವಿಗೆ ಬಿದ್ದರೆ ಸಾಕು, ಇದ್ದದ್ದನ್ನೆಲ್ಲ ಒತ್ತಿಬಿಡುವವರು. ಹಾಗಾಗಿ ಬಾಯಿಗೆ ಬೀಗ ಹಾಕಿಕೊಂಡು ಬೇರೆ ದಾರಿ ಹುಡುಕಿದೆ. ಹಿಟ್ಟಿನ ಮಿಲ್ಲಿನ ಪರಮೇಶಿಯ ಚಿತ್ರ ಭರ್ತಿಯಾಗಿತ್ತು, ಕೊಡುವುದು ಅವನಿಗೆ ಅಭ್ಯಾಸವಿಲ್ಲ. ಮಿಲ್ಲಿಗೆ ಹೋಗಿ, "ಯಾರಿಗೆ ಕೊಡೋದು ಮರೆತಿದ್ದೀನಿ ಅಂತ ಒಂದ್ಸಲ ಯೋಚ್ನೆ ಮಾಡಿ ಪರಮೇಶಿ. ನಿಮ್ಮ ಬಾಗಿಲಿಗೇ ಬಂದು ಹೋಗೋರು ಇರ್ತಾರೆ," ಎಂದೆ. ಅಷ್ಟು ಹೇಳಿದ್ದೇ ಹೆಚ್ಚು. ಅವನ ಹುಬ್ಬಿನ ಮೇಲಿನ ಹಿಟ್ಟಿನಲ್ಲಿ ಬೆವರು ಗೆರೆ ಎಳೆಯಿತು. "ಆಯ್ತು ವಾರಿಜಮ್ಮ, ಇವತ್ತೇ, ಈಗ್ಲೇ," ಎಂದ. ಮಾರನೆಯ ದಿನ ಬೆಳಿಗ್ಗೆ ಓಡಿಹೋಗಿ ಕೊಂಡಿ ನೋಡಿದೆ. ಅವನ ಬಾಗಿಲಿಗೆ ಬಂದು ಹೋದವಳು ನಾನೇ ತಾನೇ? ಪರಮೇಶಿ ಆರು ಒತ್ತು ಕೊಟ್ಟಿದ್ದ. ನನಗೆ.

ಶುಕ್ರವಾರದ ಹೊತ್ತಿಗೆ ನೀರು ಎರಡು ಬೆರಳಿಗೆ ಇಳಿಯಿತು. ಅಂದು ಮಧ್ಯಾಹ್ನ ಇಬ್ಬರೂ ಎದುರುಬದುರು ಊಟಕ್ಕೆ ಕೂತಿದ್ದೆವು. ಕುಮುದ ಮೇಷ್ಟ್ರ ಮನೆಯ ಬೆಕ್ಕಿನ ಕಥೆ ಹೇಳುತ್ತಿದ್ದಳು. ಮಾತು ಅರ್ಧದಲ್ಲೇ ನಿಂತಿತು. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟಳು. ಎದ್ದಳು. ಏನೂ ಹೇಳಲಿಲ್ಲ. ನಾನು ತಟ್ಟೆ ಒದ್ದುಕೊಂಡು ಹೋಗಿ ಅವಳ ಸೊಂಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದೆ. ಹಿಡಿತ ಸಿಕ್ಕಿತು, ಜಾರಲಿಲ್ಲ.

"ಅಯ್ಯೋ, ಬಿಡೇ, ಉಪ್ಪಿಗೆ ಎದ್ದೆ," ಅಂದಳು ಕುಮುದ. ನಗುತ್ತಿದ್ದವಳು ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಹೇಳೋದು ಮರೆತುಹೋಯ್ತು. ಯಾಕೋ ಈ ನಡುವೆ ಮರೆವು. ಏನಾಯ್ತೇ ಅಕ್ಕ?"

"ಏನಿಲ್ಲ, ಊಟ ಮಾಡು," ಅಂದೆ. ಉಪ್ಪನ್ನು ನಾನೇ ತಂದು ಬಡಿಸಿದೆ. ಅವಳ ಅಂಗಾಲು ನೋಡಿದೆ. ಬಾಗಿಲಲ್ಲಿದ್ದ ಅವಳ ಚಪ್ಪಲಿ ನೋಡಿದೆ. ಇವಳು ಹೋದರೆ ನಾನು ಬದುಕಿರಲಾರೆ ಅನ್ನಿಸಿತು. ಅದು ಮಾತಿಗೆ ಅಂದದ್ದಲ್ಲ. ಕೊಟ್ಟ ಮಾತು ಮುರಿಯುವುದೆಂದು ಆಗಲೇ ತೀರ್ಮಾನಿಸಿದೆ. ನನ್ನ ಬೇಲಿಯಲ್ಲಿ ಕೊಳೆಯುವಷ್ಟು ಬಣ್ಣ ಬಿದ್ದಿತ್ತು. ಒಂದೇ ಒಲೆಯ ಅನ್ನ ಎಂಬುದೊಂದೇ ಅಡ್ಡಿ. ಬೇರೆ ಒಲೆಯ ಅನ್ನ ಮೂರು ಹೊತ್ತು ಉಂಡರೆ ಗಾಜು ಬೇರೆ ಮನೆಯವರೆಂದು ಒಪ್ಪುತ್ತದೆ.

"ಪುಟ್ಟನಂಜಮ್ಮಂಗೆ ಸೊಂಟ ಹಿಡ್ಕೊಂಡಿದೆಯಂತೆ," ಎಂದೆ. "ಒಂದೆರಡು ದಿನ ಅಲ್ಲೇ ಇದ್ದು ಅಡುಗೆ ಮಾಡಿ ಹಾಕ್ತೀಯಾ? ಊಟನೂ ಅಲ್ಲೇ ಮಾಡು, ಓಡಾಡ್ಬೇಡ."

"ನಿನಗೆ ಅಡುಗೆ?"

"ನಾನೇನು ಕೂಸಾ?"

"ಕೂಸೇ ಆಗಿದ್ರೆ ಸರಿ ಹೋಗ್ತಿತ್ತು, ಹೇಳಿದ್ದು ಕೇಳ್ತಿತ್ತು," ಎಂದು ನನ್ನ ತಲೆಗೆ ಮೊಟಕಿ, ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಹೊರಟಳು. ಹೊರಡುವಾಗ ಬಾಗಿಲಲ್ಲಿ ನಿಂತು, "ಪುಟ್ಟನಂಜಮ್ಮನ ಮನೆಗೆ ಹೋಗ್ತಿದ್ದೀನಿ, ಪುಟ್ಟನಂಜಮ್ಮನ ಮನೆಗೆ. ಕೇಳಿಸ್ತಾ? ಮತ್ತೆ ಬಂದು ಸೊಂಟ ಹಿಡ್ಕೋಬೇಡ," ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದಳು.

ಶನಿವಾರ ಮಧ್ಯಾಹ್ನದ ಊಟಕ್ಕೆ ಮೂರು ಹೊತ್ತಾಯಿತು. ಚಿತ್ರಸಾಲೆಯ ಬಾಗಿಲು ಒಳಗಿನಿಂದ ಹಾಕಿಕೊಂಡೆ. ಮುಖ ತೊಳೆದೆ, ನೀರು ಕುಡಿದೆ, ಸುಮ್ಮನೆ ಕೂತೆ. ಕುಮುದ ಎರಡು ವರ್ಷದವಳಿದ್ದಾಗ ನನ್ನ ಬೆನ್ನ ಮೇಲೆ ಹತ್ತಿಕೊಂಡು ಊರೆಲ್ಲ ಸುತ್ತುತ್ತಿದ್ದದ್ದನ್ನು ನೆನೆದೆ. ಮನಸ್ಸು ತಿಳಿಯಾಗಿದೆ ಎನ್ನಿಸಿದ ಮೇಲೆ ಅವಳ ಹೆಸರು ತೆಗೆದು ಹೆಬ್ಬೆರಳು ಒತ್ತಿದೆ. ಗಾಜು ಒಪ್ಪಿತು. ಇಪ್ಪತ್ತು ಒತ್ತು ಕೊಟ್ಟೆ. ನನ್ನ ಬೇಲಿಯಲ್ಲಿ ಒಂದು ಮೂಲೆಯೂ ತೆಳುವಾಗಲಿಲ್ಲ. ಮೂರನೇ ಸಾಲಿನಲ್ಲಿ ನೀರು ಏರಿತು, ಮೀನುಗಳು ಒಂದನ್ನೊಂದು ಬಿಟ್ಟು ಈಜತೊಡಗಿದವು. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಆ ನೀರು ಹಿಂದಿನ ನೀಲಿಗಿಂತ ಕಪ್ಪಾಗಿದೆ ಎಂಬುದು ಕಣ್ಣಿಗೆ ಬಿದ್ದಿತ್ತು. ಬೆಳಕು ಹಾಗೆ ಬೀಳುತ್ತಿದೆ ಅಂದುಕೊಂಡೆ.

ಭಾನುವಾರ ಅವಳು ಬರಲಿಲ್ಲ. ಸೋಮವಾರ ಬೆಳಿಗ್ಗೆ ಸೊಪ್ಪಿನ ಬೀದಿಯಲ್ಲಿ ಸಿಕ್ಕಳು. "ಕುಮುದಾ" ಎಂದು ಕರೆದೆ. ಫ್ಲಾಸ್ಕ್ ಕೈಜಾರಿ ಬಿತ್ತು. ಗೋಡೆಗೆ ಬೆನ್ನು ಹಚ್ಚಿ ನಿಂತು, ಸೆರಗು ಸರಿಮಾಡಿಕೊಂಡು, "ಬರ್ತೀನಿ ಅಕ್ಕ, ಕೆಲಸ ಇದೆ," ಎಂದು ನನ್ನ ಕಾಲನ್ನೇ ನೋಡುತ್ತಾ ಹೇಳಿದಳು. ಜ್ವರವಿರಬೇಕು ಎಂದು ಹಣೆ ಮುಟ್ಟಲು ಹೋದೆ. ಕಣ್ಣು ಮುಚ್ಚಿಕೊಂಡಳು, ಹೊಡೆತಕ್ಕೆ ಕಾಯುವವರ ಹಾಗೆ. ನಾನು ಅವಳಿಗೆ ಒಂದು ದಿನವೂ ಹೊಡೆದವಳಲ್ಲ.

ಚಿತ್ರಸಾಲೆಗೆ ಬಂದು ಬೀಗ ತೆಗೆದಾಗ ಮೂರನೇ ಸಾಲಿನಲ್ಲಿ ನೀರು ಒಂದು ಬೆರಳಿಗೆ ಇಳಿದಿತ್ತು. ಎರಡೇ ದಿನದಲ್ಲಿ ಅಷ್ಟು ಇಳಿಯುವುದು ಸಾಧ್ಯವೇ ಇಲ್ಲ. ಕೊಂಡಿ ತೆಗೆದೆ. ಎಲ್ಲಕ್ಕಿಂತ ಹೊಸ ಕೊಂಡಿ ಬೆಳಿಗ್ಗೆ ಏಳು ಗಂಟೆಯದು. ಕೊಟ್ಟವರು ಕುಮುದ. ಪಡೆದವರು ವಾರಿಜ. ಇಪ್ಪತ್ತು ಒತ್ತು.

ಆಗ ನನಗೆ ಎಲ್ಲ ತಿಳಿಯಿತು. ಒಂಬತ್ತು ವರ್ಷ ಊರಿನವರು ನನಗೆ ಹೆದರಿ ಹೆದರಿ ಕೊಟ್ಟದ್ದೇ ಆ ಬೇಲಿಯಲ್ಲಿ ತುಂಬಿತ್ತು. ಅದು ನನ್ನ ಒಳಗೂ ತುಂಬಿತ್ತು. ಕನ್ನಡಿಯಲ್ಲಿ ನನ್ನ ಮುಖ ಕಂಡು ಯಾಕೆ ಬೆಚ್ಚಿದೆ, ಒಂಬತ್ತು ವರ್ಷದಿಂದ ನಾನು ಯಾರಿಗೆ ಹೆದರುತ್ತಿದ್ದೆ ಎಂಬುದು ಈಗ ಗೊತ್ತಾಯಿತು. ನಾನು ತೊಳೆದದ್ದು ನನ್ನ ಮುಖವನ್ನು. ಒಳಗಿದ್ದದ್ದು ಬೇರೆಯವರದು, ತೊಳೆದರೆ ಹೋಗುವಂಥದ್ದಲ್ಲ. ಅದನ್ನೇ ಇಪ್ಪತ್ತು ಒತ್ತು ನನ್ನ ತಂಗಿಯ ಮೈಗೆ ಹಾಕಿದ್ದೆ. ಹೆದರಿದವರು ನಮ್ಮೂರಿನಲ್ಲಿ ಮೊದಲು ಏನು ಮಾಡುತ್ತಾರೋ ಅವಳೂ ಅದನ್ನೇ ಮಾಡಿದ್ದಳು. ನನ್ನನ್ನು ಮೆಚ್ಚಿಸಲು, ಬಂದದ್ದನ್ನೆಲ್ಲ ನನಗೇ ಕೊಟ್ಟಿದ್ದಳು.

ಮರ್ಯಾದೆಯ ಊರು ಕೊಂಡಿ ನೋಡಲಿಲ್ಲ, ನನ್ನ ಕೆಲಸ ಉಳಿಯಿತು. ಕುಮುದ ಪುಟ್ಟನಂಜಮ್ಮನ ಮನೆಯಲ್ಲೇ ಉಳಿದಳು. ನಮ್ಮ ಮನೆಗೆ ಬಾ ಎಂದು ನಾನೂ ಕರೆಯುವಂತಿಲ್ಲ, ಬಂದು ನನ್ನ ಒಲೆಯ ಅನ್ನ ಉಂಡರೆ ಗಾಜು ಮತ್ತೆ ಮುಚ್ಚಿಕೊಳ್ಳುತ್ತದೆ. ಈಗ ದಿನವೂ ಇದೇ. ಬೆಳಿಗ್ಗೆ ಅವಳು ನನಗೆ ಕೊಡುತ್ತಾಳೆ, ಮಧ್ಯಾಹ್ನ ನಾನು ಅವಳಿಗೆ ಕೊಡುತ್ತೇನೆ. ಕೊಡುವುದನ್ನು ನಿಲ್ಲಿಸಿದರೆ ನಾಲ್ಕು ದಿನದಲ್ಲಿ ಅವಳ ಭಯ ಇಳಿಯಬಹುದು, ಆದರೆ ಎರಡು ದಿನದಲ್ಲಿ ನೀರು ಮುಗಿಯುತ್ತದೆ. ನನಗೆ ಎರಡು ದಿನ ಜ್ವರ ಬಂದು ಮಲಗಿದರೆ, ಒಂದು ಸಲ ಕಾಲು ಜಾರಿ ಬಿದ್ದರೆ, ಅವಳು ತಟ್ಟೆಯ ಮುಂದಿನಿಂದ ಎದ್ದು ಹೊರಟುಹೋಗುತ್ತಾಳೆ. ಅದಕ್ಕೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದು ಇಳಿಯುತ್ತೇನೆ. ಕಾದಾರಿದ ನೀರಲ್ಲದೆ ಬೇರೆ ಕುಡಿಯುವುದಿಲ್ಲ. ಕೊಡಿಸುವ ಕೆಲಸವನ್ನು ಅವಳು ಬಿಟ್ಟುಬಿಟ್ಟಿದ್ದಾಳೆ. ಕೈ ನಡುಗುತ್ತದಂತೆ. ಬೆರಳು ಸವೆದ ಮುದುಕರು ಯಾರಿಗೂ ಕೊಡಲಾಗದೆ ಕೂತಿದ್ದಾರೆ, ಅವರು ಕೊಡುತ್ತಿದ್ದವರ ಚಿತ್ರಗಳೂ ಒಂದೊಂದಾಗಿ ತೆಳುವಾಗುತ್ತಿರುವುದು ನನಗೆ ಕಾಣಿಸುತ್ತಿದೆ.

ಉಳಿದ ದಾರಿ ಒಂದೇ ಎಂದು ನನಗೆ ಹೊಳೆದದ್ದು ತಡವಾಗಿ. ಅವಳು ನನಗೆ ಹೆದರುವುದನ್ನು ಬಿಡಬೇಕು. ಒಂದು ಬೆಳಿಗ್ಗೆ ಬಿಟ್ಟರೂ ಸಾಕು, ಆ ದಿನದ ನೀರು ಅವಳಲ್ಲೇ ನಿಲ್ಲುತ್ತದೆ. ಅದಕ್ಕೇ ದಿನವೂ ಬೆಳಿಗ್ಗೆ ಪುಟ್ಟನಂಜಮ್ಮನ ಮನೆಗೆ ಹೋಗಿ ಕೂರುತ್ತೇನೆ. ಬೆಕ್ಕಿನ ಕಥೆ ಕೇಳುತ್ತೇನೆ, ಅವಳು ಒಂದೇ ಸಾಲಿನಲ್ಲಿ ಮುಗಿಸುತ್ತಾಳೆ. ಹಳೆಯದನ್ನೆಲ್ಲ ನೆನಪಿಸುತ್ತೇನೆ, ಹೌದು ಹೌದು ಅನ್ನುತ್ತಾಳೆ. ಪುಟ್ಟನಂಜಮ್ಮ ಮೂಲೆಯಲ್ಲಿ ಕೂತು, "ಅದೇನಮ್ಮ, ಈ ಹುಡುಗಿ ಇಲಿಮರಿ ಹಂಗಾಗೋದ್ಲು," ಎಂದು ಗೊಣಗಿ ನನ್ನತ್ತ ನೋಡಿ ಸುಮ್ಮನಾಗುತ್ತಾಳೆ.

ನಿನ್ನೆ ಬೇಕೆಂದೇ ಒಂದು ಕೆಲಸ ಮಾಡಿದೆ. ಕುಮುದ ಆಗತಾನೇ ಅಡುಗೆಮನೆ ಸಾರಿಸಿ ರಂಗೋಲಿ ಎಳೆದಿದ್ದಳು. ರುಬ್ಬಿಟ್ಟಿದ್ದ ದೋಸೆ ಹಿಟ್ಟಿನ ಪಾತ್ರೆಯನ್ನು ಮೊಣಕೈಯಿಂದ ತಳ್ಳಿದೆ. ಅಷ್ಟೂ ಹಿಟ್ಟು ನೆಲಕ್ಕೆ ಚೆಲ್ಲಿ ರಂಗೋಲಿಯ ಮೇಲೆ ಹರಿಯಿತು. ಮೊದಲಾಗಿದ್ದರೆ ಒಂದು ಲೋಟ ವಾರೆಯಾದರೂ ನನ್ನ ಜನ್ಮ ಜಾಲಾಡುತ್ತಿದ್ದವಳು. ನಾನು ಕಾದೆ. ಅವಳು ಓಡಿಬಂದು ಬಟ್ಟೆ ತಂದು ಮಂಡಿಯೂರಿ ಒರೆಸತೊಡಗಿದಳು.

"ಬೈಯೇ ಕುಮುದ," ಎಂದೆ. "ನಿನ್ನ ಕಾಲಿಗೆ ಬೀಳ್ತೀನಿ, ಒಂದ್ಸಲ ಬೈದುಬಿಡೇ."

ಅವಳು ಬಟ್ಟೆ ಹಿಂಡಿದಳು. "ಪರವಾಗಿಲ್ಲ ಬಿಡಿ ಅಕ್ಕ. ನಂದೇ ತಪ್ಪು, ಪಾತ್ರೆ ಅಂಚಿಗೆ ಇಟ್ಟಿದ್ದೆ," ಎಂದಳು. ನೆಲವನ್ನು ಇನ್ನೊಮ್ಮೆ ಒರೆಸಿದಳು. ಆಮೇಲೆ ಕೈಗೆ ಅಂಟಿದ ಹಿಟ್ಟನ್ನು ಸೆರಗಿನಲ್ಲಿ ಒರೆಸಿಕೊಂಡು, ನನ್ನ ಕಣ್ಣೆದುರೇ ಫೋನ್ ತೆಗೆದು, ನನ್ನ ಹೆಸರು ಹುಡುಕಿ, ಹೆಬ್ಬೆರಳು ಒತ್ತಿ ಹಿಡಿದಳು.